ದಲಾಲಿ ನಂಬಿ ಅಂಗಡಿ ಕೆಲಸ ಬಿಡಬಹುದಾ?

ನಮಸ್ಕಾರ ಸರ್. ಬಟ್ಟೆ ಅಂಗಡಿ ಕೆಲಸ ಬಿಟ್ಟು ವಿಜಯಪುರದಲ್ಲಿ ಪ್ಲಾಟ್ ದಲಾಲಿಗೆ ಇಳಿಯಬಹುದಾ ಅಂತ ಕೇಳಿದ್ದೀರಿ. ಇಳಿಯಿರಿ, ಆದರೆ ಈಗಲೇ ಕೆಲಸ ಬಿಡಬೇಡಿ. ನನಗೆ ಮೊದಲ ದಲಾಲಿ ಸಿಕ್ಕಿದ್ದು ಏಳು ತಿಂಗಳಿಗೆ. ಅಷ್ಟರಲ್ಲಿ ಅಥಣಿ ರಸ್ತೆ, ಸೋಲಾಪುರ ರಸ್ತೆ ಸುತ್ತಿ ಬೈಕಿನ ಟೈರ್ ಸವೆದಿತ್ತು.

ತಿರುಗಾಟಕ್ಕಿಂತ ಕಾಯುವುದೇ ಜಾಸ್ತಿ. ಆಷಾಢದಲ್ಲಿ ಖರೀದಿ ಬೇಡ ಅನ್ನುತ್ತಾರೆ, ಅಮಾವಾಸ್ಯೆ ಹತ್ತಿರ ಬಂದರೆ ಸಂಚಕಾರ (ಮುಂಗಡ ಹಣ) ಕೊಡುವುದಿಲ್ಲ. ಒಮ್ಮೆ ಎಲ್ಲ ಮುಗಿಯಿತು ಅಂತ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಚಹಾ ಕುಡಿಯುತ್ತಿದ್ದೆವು. ಮಾರುವವರ ತಂಗಿ ಬಂದು, "ನನ್ನ ಸಹಿ ಎಲ್ಲಣ್ಣಾ?" ಅಂದರು. ತಂದೆಯ ಆಸ್ತಿ, ಅವರಿಗೂ ಪಾಲಿತ್ತು. ಉತಾರೆಯಲ್ಲಿ (ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ದಾಖಲೆ) ಅಣ್ಣನ ಹೆಸರೊಂದೇ ನೋಡಿ ನಾನು ಸುಮ್ನೆ ಇದ್ದುಬಿಟ್ಟಿದ್ದೆ. ತಪ್ಪು ನನ್ನದೇ. ಈಗ ಉತಾರೆ, ಇಸಿ (ಋಣಭಾರ ಪತ್ರ), ಎನ್‌ಎ (ಕೃಷಿಯೇತರ ಬಳಕೆ) ಆದೇಶದ ಜೊತೆ ವಂಶಾವಳಿಯನ್ನೂ ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ, ಆಗಲಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರುವ ಲೇಔಟ್ ಮಾರುವುದಾದರೆ 2016ರ ಕಾಯ್ದೆ ಪ್ರಕಾರ ನೀವೂ ಏಜೆಂಟ್ ಆಗಿ ನೋಂದಾಯಿಸಬೇಕು. ದಲಾಲಿ ಎಷ್ಟು ಅಂತ ಪ್ಲಾಟ್ ತೋರಿಸುವ ಮೊದಲೇ ಮಾತಾಡಿಕೊಳ್ಳಿ. ಖರೀದಿ ಆದಮೇಲೆ ಫೋನ್ ಎತ್ತುವವರು ಕಡಿಮೆ! ಸದ್ಯಕ್ಕೆ ಅಂಗಡಿಯ ವಾರದ ರಜೆಯಲ್ಲಿ ತಿರುಗಲು ಶುರುಮಾಡಿ.