ಕೀಲಿಕೈ ಕೊಡುವ ಮುನ್ನ: ಮನೆ ಮಾಲೀಕರ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡಲು ಮಗ ಅಂತರ್ಜಾಲದಲ್ಲಿ ಜಾಹೀರಾತು ಹಾಕಿದ್ದ. ಅದೇ ಸಂಜೆ ಒಬ್ಬರು ಹಿಂದಿಯಲ್ಲಿ ಕರೆ ಮಾಡಿ, ತಾವು ಅರೆಸೇನಾ ಪಡೆಯವರೆಂದೂ ಮೈಸೂರಿಗೆ ವರ್ಗವಾಗಿದೆಯೆಂದೂ ಫೋಟೊದಲ್ಲಿ ನೋಡಿದ ಮನೆಯೇ ಒಪ್ಪಿಗೆಯೆಂದೂ ಹೇಳಿದರು. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಎಲ್ಲವನ್ನೂ ಕಳಿಸಿದರು. ಮುಂಗಡ ಹಣ ಇಲಾಖೆಯ ಖಾತೆಯಿಂದ ಬರಬೇಕಾದ್ದರಿಂದ ನಾನು ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕು ಎಂದರು. ಮಗ ತಡೆದ. ಆದರೆ ಅವರು ನಿಜವಾಗಿಯೂ ಯೋಧರಾಗಿದ್ದರೆ ಅವಮಾನ ಮಾಡಿದಂತಾಯಿತಲ್ಲ ಎಂದು ಮನಸ್ಸು ಕೊರೆಯುತ್ತಿದೆ. (ಓದುಗರು, ಮೈಸೂರು)

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಈ ವಂಚಕರು ಬಂಡವಾಳ ಮಾಡಿಕೊಂಡಿರುವುದೂ ನಿಮ್ಮಂಥವರ ಆ ಗೌರವವನ್ನೇ. ದಯವಿಟ್ಟು ಮನಸ್ಸಿನಿಂದ ಅದನ್ನು ತೆಗೆದುಹಾಕಿ. ನಿಮಗೆ ಕರೆ ಮಾಡಿದವರು ಯೋಧರಲ್ಲ. ಇಂಥ ಕರೆಗಳು ಬೆಂಗಳೂರು, ಮುಂಬೈ, ದೆಹಲಿಯ ಮಾಲೀಕರಿಗೂ ಇದೇ ಕ್ರಮದಲ್ಲಿ ಬಂದಿವೆ: ವರ್ಗಾವಣೆಯ ಕತೆ, ಮನೆ ನೋಡದೆಯೇ ಒಪ್ಪಿಗೆ, ಕೇಳದೆಯೇ ಬರುವ ಗುರುತಿನ ಚೀಟಿ, ಕೊನೆಗೆ 'ಇಲಾಖೆಯ ನಿಯಮ' ಎಂಬ ಹೆಸರಿನಲ್ಲಿ ಒಂದು ಕ್ಯೂಆರ್ ಕೋಡ್. ಕಳಿಸಿದ ಚೀಟಿ ಕೆಲವು ಸಲ ಯಾರೋ ನಿಜವಾದ ಯೋಧರದ್ದೇ ಆಗಿರಬಹುದು. ಅವರಿಗೆ ಅದರ ಸುಳಿವೂ ಇರುವುದಿಲ್ಲ.

ಒಂದು ವಿಷಯವನ್ನು ಮನೆಯ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು. ಯುಪಿಐಯಲ್ಲಿ ಪಿನ್ ಒತ್ತುವುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗುವುದಕ್ಕೆ, ಇಲ್ಲವೇ ನಮ್ಮದೇ ಖಾತೆಯ ಬಾಕಿ ನೋಡುವುದಕ್ಕೆ. ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಮೊದಲು ಒಂದು ರೂಪಾಯಿ ಕಳಿಸಿ ಎಂದು ಹೇಳಿ, ಅದಕ್ಕೆ ಪ್ರತಿಯಾಗಿ ಎರಡು ರೂಪಾಯಿ ವಾಪಸು ಹಾಕಿ, ನಂಬಿಕೆ ಹುಟ್ಟಿಸಿದ ಮೇಲೆ ದೊಡ್ಡ ಮೊತ್ತದ ಕೋಡ್ ಕಳಿಸುವುದು ಇವರ ಪಟ್ಟು. ಇದರದೇ ಇನ್ನೊಂದು ರೂಪದಲ್ಲಿ, ಮುಂಗಡ ಜಮೆಯಾಗಿದೆ ಎಂಬ ಸುಳ್ಳು ಸಂದೇಶ ನಿಮ್ಮ ಮೊಬೈಲಿಗೆ ಬರುತ್ತದೆ, ಹಿಂದೆಯೇ 'ಕೈತಪ್ಪಿ ಒಂದು ಸೊನ್ನೆ ಹೆಚ್ಚಾಯಿತು, ಮಿಕ್ಕದ್ದನ್ನು ವಾಪಸು ಹಾಕಿ' ಎಂಬ ಗಾಬರಿಯ ಕರೆ ಬರುತ್ತದೆ. ಸಂದೇಶವನ್ನಾಗಲಿ ಸ್ಕ್ರೀನ್‌ಶಾಟನ್ನಾಗಲಿ ನಂಬದೆ ಖಾತೆಯ ಬಾಕಿಯನ್ನೇ ತೆರೆದು ನೋಡಿ. ಯಾರಾದರೂ ಈಗಾಗಲೇ ಹಣ ಕಳೆದುಕೊಂಡಿದ್ದರೆ, ನಾಚಿಕೊಂಡು ಸುಮ್ಮನಿರದೆ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆರಂಭದ ಕೆಲವೇ ಗಂಟೆಗಳಲ್ಲಿ.

ಮುಂದೆ ಇಂಥ ಕರೆ ಬಂದರೆ, 'ನೀವು ಬರಲಾಗದಿದ್ದರೆ ಮೈಸೂರಿನಲ್ಲಿರುವ ನಿಮ್ಮ ಸಹೋದ್ಯೋಗಿಯೊಬ್ಬರನ್ನು ಮನೆ ನೋಡಲು ಕಳಿಸಿ' ಎಂದು ವಿನಯದಿಂದಲೇ ಹೇಳಿ. ನಿಜವಾದ ಯೋಧರು ಇದಕ್ಕೆ ಬೇಸರಪಡುವುದಿಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿರುವ ನನಗೆ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಇದೆ. ಮನೆ ನಿರ್ವಹಣೆಯ ಕಂಪನಿಯವರು ಎಂದು ಹೇಳಿಕೊಂಡವರೊಬ್ಬರು, ಫ್ಲ್ಯಾಟನ್ನು ತಮಗೇ ಬಾಡಿಗೆಗೆ ಕೊಟ್ಟರೆ ಮಾರುಕಟ್ಟೆಗಿಂತ ಹೆಚ್ಚಿನ ಬಾಡಿಗೆಯನ್ನು ತಿಂಗಳ 5ನೇ ತಾರೀಖಿಗೆ ತಪ್ಪದೆ ಕೊಡುತ್ತೇವೆ, ಬಾಡಿಗೆದಾರರನ್ನು ಹುಡುಕುವ ತಲೆನೋವೂ ನಿಮಗಿಲ್ಲ ಎನ್ನುತ್ತಿದ್ದಾರೆ. ಒಪ್ಪಬಹುದೇ? (ಓದುಗರು, ಶಿವಮೊಗ್ಗ)

ಉತ್ತರ: ನೀವು ಬರೆದಿರುವ ಷರತ್ತುಗಳಲ್ಲಿ ಒಪ್ಪಬೇಡಿ. ಈ ಉತ್ತರ ಸ್ವಲ್ಪ ದೀರ್ಘವಾಗುತ್ತದೆ, ಏಕೆಂದರೆ ಪಿನ್ ಒತ್ತಿ ಕಳೆದುಕೊಂಡ ಹಣಕ್ಕಿಂತ ಇದರಲ್ಲಿ ಆಗುವ ನಷ್ಟ ದೊಡ್ಡದು, ಮತ್ತು ಅದು ಇಬ್ಬರಿಗೆ ಆಗುತ್ತದೆ.

ಬೆಂಗಳೂರಿನಲ್ಲಿ 'ಲೀಸ್' ಅಥವಾ ಭೋಗ್ಯದ ಪದ್ಧತಿ ಇರುವುದು ನಿಮಗೆ ಗೊತ್ತೇ ಇದೆ. ಮನೆಗೆ ಬಾಡಿಗೆಯಿಲ್ಲ, ಹಣಕ್ಕೆ ಬಡ್ಡಿಯಿಲ್ಲ. ಹತ್ತೋ ಹದಿನೈದೋ ಲಕ್ಷ ರೂಪಾಯಿಯನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವುದು ಅದರ ಕ್ರಮ. ಈ ಪದ್ಧತಿಯನ್ನೇ ಮಧ್ಯವರ್ತಿಗಳು ವಂಚನೆಗೆ ಬಳಸಿಕೊಂಡಿದ್ದಾರೆ. ನಿಮ್ಮಿಂದ ತಿಂಗಳ ಬಾಡಿಗೆಗೆಂದು ಮನೆ ಪಡೆದವರು ಅದನ್ನೇ ಬೇರೊಂದು ಕುಟುಂಬಕ್ಕೆ ಲೀಸಿಗೆ ಕೊಟ್ಟು ಲಕ್ಷಾಂತರ ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ಆ ಹಣದಲ್ಲೇ ನಿಮಗೆ ಐದಾರು ತಿಂಗಳು, ಕೆಲವು ಸಲ ವರ್ಷದವರೆಗೂ, ತಪ್ಪದೆ ಬಾಡಿಗೆ ಬರುತ್ತದೆ. ಒಂದು ತಿಂಗಳು ಬಾಡಿಗೆ ನಿಲ್ಲುತ್ತದೆ, ಫೋನು ಬಂದ್ ಆಗುತ್ತದೆ, ಕಚೇರಿಯ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ನೀವು ಫ್ಲ್ಯಾಟಿಗೆ ಹೋಗಿ ಗಂಟೆ ಒತ್ತಿದರೆ ಬಾಗಿಲು ತೆರೆದವರು ನಿಮ್ಮನ್ನು ಯಾರು ಬೇಕಿತ್ತು ಎಂದು ಕೇಳುತ್ತಾರೆ.

ನನ್ನ ಕಚೇರಿಯ ಬೆಂಚಿನ ಮೇಲೆ ಅಂಥ ಇಬ್ಬರು ಒಟ್ಟಿಗೆ ಕುಳಿತಿದ್ದನ್ನು ನಾನು ಮರೆತಿಲ್ಲ. ಒಬ್ಬರು ಮನೆಯ ಮಾಲೀಕರು, ಇನ್ನೊಬ್ಬರು ಊರಿನ ಜಮೀನು ಮಾರಿದ ಹಣವನ್ನು ಲೀಸಿಗೆ ಹಾಕಿದ್ದ ಗಾರ್ಮೆಂಟ್ಸ್ ಕಾರ್ಖಾನೆಯ ಮೇಲ್ವಿಚಾರಕರು. ಇಬ್ಬರ ತೊಡೆಯ ಮೇಲೂ ಪ್ಲಾಸ್ಟಿಕ್ ಫೈಲು, ಇಬ್ಬರ ಫೈಲಿನಲ್ಲೂ ಒಂದೊಂದು ಕರಾರು, ಎರಡರ ಕೆಳಗೂ ಒಬ್ಬನದೇ ರುಜು. ಮಾಲೀಕರು 'ನನ್ನ ಮನೆ ಬಿಡಿ' ಎನ್ನುತ್ತಿದ್ದರು, ಮೇಲ್ವಿಚಾರಕರು 'ನನ್ನ ಹಣ ಕೊಡಿಸಿ, ಬಿಡುತ್ತೇನೆ' ಎನ್ನುತ್ತಿದ್ದರು. ಇಬ್ಬರೂ ಹೇಳುತ್ತಿದ್ದುದು ನ್ಯಾಯವೇ ಆಗಿತ್ತು.

ಇಲ್ಲಿ ಕಾನೂನಿನ ಒಂದು ಅಂಶವನ್ನು ಬಹಳ ಮಾಲೀಕರು ತಪ್ಪಾಗಿ ತಿಳಿದಿದ್ದಾರೆ. ಒಳಬಾಡಿಗೆಗೆ ಕೊಡಕೂಡದು ಎಂಬುದು ತಾನಾಗಿಯೇ ಇರುವ ನಿಯಮ ಎಂದು ಅವರು ಭಾವಿಸುತ್ತಾರೆ. ಆದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ ಬಾಡಿಗೆದಾರನು ಒಳಬಾಡಿಗೆಗೆ ಕೊಡಬಹುದು. (1999ರ ಕರ್ನಾಟಕ ಬಾಡಿಗೆ ಅಧಿನಿಯಮವು ತೀರ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯಿಸುವುದರಿಂದ, ಇಂದಿನ ಬೆಂಗಳೂರಿನ ಫ್ಲ್ಯಾಟುಗಳಿಗೆ ಹೆಚ್ಚಾಗಿ ಈ ಹಳೆಯ ಕಾಯ್ದೆಯೇ ದಿಕ್ಕು.) ಆದ್ದರಿಂದ ಒಳಬಾಡಿಗೆ, ಲೀಸ್, ಭೋಗ್ಯ, ಪೇಯಿಂಗ್ ಗೆಸ್ಟ್ ಇವುಗಳಲ್ಲಿ ಯಾವುದಕ್ಕೂ ಮನೆಯನ್ನು ಕೊಡುವಂತಿಲ್ಲ ಎಂಬುದನ್ನೂ, ವಾಸಿಸುವ ಪ್ರತಿಯೊಬ್ಬರ ಹೆಸರನ್ನೂ ಕರಾರಿನಲ್ಲಿ ಬಿಡಿಸಿ ಬರೆಸಲೇಬೇಕು. ಮಧ್ಯವರ್ತಿಯ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಬರೆದುಕೊಡುವುದಂತೂ ಕೂಡದು. ನಿಮಗೆ ಸಹಾಯಕ್ಕೆ ಬ್ರೋಕರ್ ಬೇಕೇ ಬೇಕೆಂದಿದ್ದರೆ ಅವರು ಬಾಡಿಗೆದಾರರನ್ನು ಹುಡುಕಿಕೊಟ್ಟು ಕಮಿಷನ್ ಪಡೆಯಲಿ; ಕರಾರಿಗೆ ನೀವು ಮತ್ತು ಮನೆಯಲ್ಲಿ ವಾಸಿಸುವವರು ಎದುರುಬದುರು ಕುಳಿತು ರುಜು ಹಾಕಿ, ಮುಂಗಡವೂ ಬಾಡಿಗೆಯೂ ಅವರ ಖಾತೆಯಿಂದ ನೇರವಾಗಿ ನಿಮ್ಮ ಖಾತೆಗೆ ಬರಲಿ. ಒಬ್ಬರು ಕರಾರು ಮಾಡಿ ಇನ್ನೊಬ್ಬರ ಖಾತೆಯಿಂದ ಹಣ ಬರತೊಡಗಿದರೆ ಅದೇ ವಾರ ಬೆಂಗಳೂರಿಗೆ ಹೋಗಿ ಮನೆ ನೋಡಿಬನ್ನಿ.

ಈಗಾಗಲೇ ಈ ಬಲೆಗೆ ಬಿದ್ದಿರುವ ಓದುಗರು ಇದ್ದರೆ, ಅವರಿಗೊಂದು ಮಾತು: ನೀರು, ಕರೆಂಟು ಕಡಿಯಬೇಡಿ, ಬೀಗ ಒಡೆಯಬೇಡಿ. ಕಾನೂನಿನ ದಾರಿಯಲ್ಲಲ್ಲದೆ ಹೊರಹಾಕಿದರೆ, ಹೊರಬಿದ್ದವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ನಿಮ್ಮ ಪಕ್ಷವೇ ದುರ್ಬಲವಾಗುತ್ತದೆ. ಮನೆಯಲ್ಲಿರುವ ಕುಟುಂಬವನ್ನು ಶತ್ರುವೆಂದು ಕಾಣದೆ, ಸಾಧ್ಯವಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ ಮಧ್ಯವರ್ತಿಯ ಮೇಲೆ ವಂಚನೆಯ ದೂರು ಕೊಡಿ. ಇಬ್ಬರ ಕರಾರುಗಳೂ ಒಂದೇ ಕಡತದಲ್ಲಿ ಸೇರಿದಾಗ ವಂಚನೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಪ್ರಶ್ನೆ: ಮನೆ ಕೇಳಿಕೊಂಡು ಬಂದವರ ಬಗ್ಗೆ ಏನೇನು ವಿಚಾರಿಸಬೇಕು? ಆಧಾರ್ ಪ್ರತಿ ಪಡೆದರೆ ಸಾಕೇ? (ಓದುಗರು, ಹುಬ್ಬಳ್ಳಿ)

ಉತ್ತರ: ಬರೀ ಪ್ರತಿ ಸಾಲದು, ಮೊಬೈಲಿನಲ್ಲೇ ತಿದ್ದಿದ ಆಧಾರ್ ಪ್ರತಿಗಳನ್ನು ನಾನು ನೋಡಿದ್ದೇನೆ. ಮೂಲ ಕಾರ್ಡನ್ನು ತರಲು ಹೇಳಿ, ಅದರ ಮೇಲಿರುವ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ ಆ್ಯಪಿನಿಂದಲೇ ಸ್ಕ್ಯಾನ್ ಮಾಡಿ, ತೆರೆಯಲ್ಲಿ ಬರುವ ಹೆಸರು ಮತ್ತು ಫೋಟೊ ಎದುರಿಗಿರುವವರದ್ದೇ ಹೌದೇ ಎಂದು ನೋಡಿ. ಕಡತಕ್ಕೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಾಕು.

ಉದ್ಯೋಗದ ಗುರುತಿನ ಚೀಟಿ, ಸಂಬಳದ ಚೀಟಿ ಕೇಳುವುದು ತಪ್ಪಲ್ಲ. ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಹಿಂದಿನ ಮಾಲೀಕರ ಮಾತು, ಅದರಲ್ಲೂ ಈಗಿನ ಮನೆಯವರಿಗಿಂತ ಅದಕ್ಕೂ ಹಿಂದಿನ ಮನೆಯವರದು. ಈಗಿನವರು ಬಾಡಿಗೆದಾರರು ಬಿಟ್ಟುಹೋದರೆ ಸಾಕೆಂದು ಹೊಗಳಿಬಿಡಬಹುದು, ಅದಕ್ಕೂ ಹಿಂದಿನವರಿಗೆ ಆ ಹಂಗಿಲ್ಲ. 'ಬಾಡಿಗೆ ಯಾವ ತಾರೀಖಿಗೆ ಬರುತ್ತಿತ್ತು, ಖಾಲಿ ಮಾಡುವಾಗ ಮನೆ ಹೇಗಿತ್ತು' ಎಂಬ ಎರಡು ಪ್ರಶ್ನೆ ಸಾಕು. ವಿವರಗಳನ್ನು ಹತ್ತಿರದ ಪೊಲೀಸ್ ಠಾಣೆಗೆ ಬರೆದುಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಈ ಬಗ್ಗೆ ಆದೇಶ ಜಾರಿಯಲ್ಲಿರುವ ಊರುಗಳಲ್ಲಿ ಹಾಗೆ ಮಾಡದ ಮಾಲೀಕರ ಮೇಲೆಯೇ ಮೊಕದ್ದಮೆ ಆಗಬಹುದು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ವರ್ಷ ಮೀರಿದ ಅವಧಿಗೆ ಕಡ್ಡಾಯ.

ವಿಚಾರಣೆ ಎಂದಾಗ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ 'ನೀವು ಯಾವ ಜನ' ಎಂಬುದು. ನನಗೆ ಇದು ಬಹಳ ನೋವಿನ ಸಂಗತಿ. ಜಾತಿ ಕೇಳಿ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ಕೇಳಿ, ಮಿಕ್ಕದ್ದೇನನ್ನೂ ಕೇಳದೆ ಕೀಲಿಕೈ ಕೊಟ್ಟವರು ವರ್ಷದೊಳಗೆ ಬಾಡಿಗೆ ಬಾಕಿಯ ದಾವೆಗೆ ನನ್ನ ಬಳಿ ಬಂದಿದ್ದಾರೆ. ಅವರು ಮಾಡಿದ ಅನ್ಯಾಯದ ಫಲವಾಗಿ ಬೀದಿ ಬೀದಿ ಅಲೆದ ಒಳ್ಳೆಯ ಬಾಡಿಗೆದಾರರು ಇನ್ನೆಷ್ಟೋ ಮಂದಿ.

ಪ್ರಶ್ನೆ: ಮನೆಗೆ ಬಂದು ಒಂದು ತಿಂಗಳಾದ ಬಾಡಿಗೆದಾರರು, ಏನೋ ನೋಂದಣಿಗೆ ಬೇಕೆಂದು ಕರೆಂಟ್ ಬಿಲ್ಲಿನ ಪ್ರತಿ ಮತ್ತು ನನ್ನ ರುಜು ಇರುವ ಒಪ್ಪಿಗೆ ಪತ್ರ ಕೇಳುತ್ತಿದ್ದಾರೆ. ಕೊಡಲೇ? (ಓದುಗರು, ತುಮಕೂರು)

ಉತ್ತರ: ಯಾವ ನೋಂದಣಿ ಎಂದು ಅವರು ಬರವಣಿಗೆಯಲ್ಲಿ ತಿಳಿಸುವವರೆಗೆ ಕೊಡಬೇಡಿ. ಬಾಡಿಗೆ ಕರಾರು, ಕರೆಂಟ್ ಬಿಲ್, ಮಾಲೀಕರ ಒಪ್ಪಿಗೆ ಪತ್ರ ಇವಿಷ್ಟಿದ್ದರೆ ಆ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿಗೆ ಅರ್ಜಿ ಹಾಕಬಹುದು. ಹೆಸರಿಗಷ್ಟೇ ಇರುವ ವ್ಯಾಪಾರ ಸಂಸ್ಥೆಯೊಂದು ನಿಮ್ಮ ಮನೆಯ ವಿಳಾಸದಲ್ಲಿ ಹುಟ್ಟಿಕೊಂಡರೆ ತೆರಿಗೆ ಅಧಿಕಾರಿಗಳು ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ. ಗ್ಯಾಸ್ ಸಂಪರ್ಕಕ್ಕೋ ಮಗುವಿನ ಶಾಲೆಗೋ ವಿಳಾಸದ ದಾಖಲೆ ಬೇಕಾಗಿದ್ದರೆ ಸಂತೋಷದಿಂದ ಕೊಡಿ. ಆದರೆ ಪ್ರತಿಯ ಮೇಲೆ ಅಕ್ಷರಗಳಿಗೆ ಅಡ್ಡಲಾಗಿ 'ಗ್ಯಾಸ್ ಸಂಪರ್ಕದ ಉದ್ದೇಶಕ್ಕೆ ಮಾತ್ರ' ಎಂದು ಶಾಯಿಯಲ್ಲಿ ಬರೆದು, ತಾರೀಖು ಹಾಕಿ, ರುಜು ಮಾಡಿ, ಆ ಪ್ರತಿಯ ಒಂದು ಫೋಟೊವನ್ನು ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಂಡ ಮೇಲೆ ಕೊಡಿ.