ಆ 20 ಬೈಟ್ ಎಲ್ಲಿ ಹೋಯಿತು?

ನಮಸ್ಕಾರ,

ನಿಮ್ಮ ‘ಫ್ರೇಮ್‌ಬಫರ್ ಡ್ರೈವರ್ ನಾವೇ ಬರೆಯೋಣ’ ಲೇಖನ ಓದಿದೆ. ಪರದೆಯ ಚಿತ್ರ ಕೂರುವ ಮೆಮೊರಿ (ಫ್ರೇಮ್‌ಬಫರ್), ಅದನ್ನು ನಡೆಸುವ ಲಿನಕ್ಸ್ ಕೋಡ್ (ಡ್ರೈವರ್), ಇಂಥದ್ದನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ, ಸಂತೋಷ. ಆ ಮೆಮೊರಿಯನ್ನು ಆ್ಯಪ್‌ನ ಕೈಗೆ ನೇರ ಕೊಡುವ ಎಮ್‌ಮ್ಯಾಪ್ ಬಗ್ಗೆ ಬರೆದದ್ದು ಚೆನ್ನಾಗಿದೆ. ಹೊಸ ಡ್ರೈವರ್ ಆದರೆ ಲಿನಕ್ಸ್‌ನ ಈಗಿನ ಗ್ರಾಫಿಕ್ಸ್ ವ್ಯವಸ್ಥೆಯಾದ ಡಿಆರ್‌ಎಮ್‌ನಲ್ಲೇ ಬರೆಯಿರಿ ಅನ್ನುತ್ತಾರೆ ಕರ್ನಲ್‌ನವರು. ಆ ಜಗಳ ಇನ್ನೊಮ್ಮೆ ಆಡೋಣ. ನನ್ನ ತಲೆ ಕೆಡಿಸಿದ್ದು ಎರಡೇ ಸಾಲು.

ಮೊದಲನೆಯದು: “ಲೈನ್_ಲೆಂತ್ ಅಂದರೆ ಅಗಲವನ್ನು ಎರಡರಿಂದ ಗುಣಿಸುವುದು, ಅಷ್ಟೆ.”

ಅಷ್ಟೆ ಅಲ್ಲ. ಲೈನ್_ಲೆಂತ್ ಅಂದರೆ ಮೆಮೊರಿಯಲ್ಲಿ ಒಂದು ಸಾಲಿನ ಶುರುವಿನಿಂದ ಮುಂದಿನ ಸಾಲಿನ ಶುರುವಿಗೆ ಎಷ್ಟು ಬೈಟ್ ಅನ್ನುವುದು. ನಿಮ್ಮ ಪ್ಯಾನಲ್ 800 ಪಿಕ್ಸೆಲ್‌ನದು, ಪಿಕ್ಸೆಲ್‌ಗೆ 16 ಬಿಟ್, ಅಂದರೆ 2 ಬೈಟ್. ಸಾಲಿಗೆ 1600 ಬೈಟ್ ಆಯಿತು. 64ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಹಾಗಾಗಿ ಬಚಾವಾದಿರಿ. ಅದೇ 854ರ ಪ್ಯಾನಲ್ ಹಾಕಿ ನೋಡಿ. ಸಾಲಿಗೆ 1708 ಬೈಟ್. ಪ್ರತಿ ಸಾಲೂ 64 ಬೈಟ್‌ನ ಗಡಿಯಲ್ಲೇ ಶುರುವಾಗಬೇಕು ಅನ್ನುವ ಕಂಟ್ರೋಲರ್ (ಮೆಮೊರಿಯಿಂದ ಓದಿ ಪರದೆಗೆ ಕಳಿಸುವ ಭಾಗ) ಆದರೆ 1728ಕ್ಕೊಂದು ಸಾಲು ಓದುತ್ತದೆ. ನೀವು ಮಾತ್ರ ಆ್ಯಪ್‌ಗೆ 1708 ಎಂದು ಹೇಳಿ ಕೂತಿರುತ್ತೀರಿ. 20 ಬೈಟ್ ಅಂದರೆ 10 ಪಿಕ್ಸೆಲ್. ಒಂದೊಂದು ಸಾಲು ಇಳಿದ ಹಾಗೂ ಚಿತ್ರ ಅಷ್ಟಷ್ಟು ಎಡಕ್ಕೆ ಜಾರುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಬೋರ್ಡಿನ ಲೋಗೋ ಮಳೆಗೆ ಮಲಗಿದ ರಾಗಿ ಪೈರಿನ ಹಾಗೆ ವಾಲಿತ್ತು. ಮೂರು ದಿನ ರಿಬ್ಬನ್ ಕೇಬಲ್ ಬದಲಾಯಿಸಿದೆ, ಕ್ಲಾಕ್ ತಿದ್ದಿದೆ, ಪ್ಯಾನಲ್ ಕಳಿಸಿದವರಿಗೆ ಬೈದೆ. ಕೊನೆಗೆ ಮಂಗಳೂರು ಕಡೆಯ ಸೀನಿಯರ್ ಒಬ್ಬರು ಕಾಫಿ ಲೋಟ ಹಿಡಿದೇ ಬಂದರು. “ಆ ಲೋಗೋ ತೆಗಿ ಮಾರಾಯ. ಮೇಲಿಂದ ಕೆಳಗೆ ಒಂದು ಗೆರೆ ಎಳೆ” ಅಂದರು. ಎಳೆದೆ. ಗೆರೆ ಓರೆ. “ಒಂದು ಸಾಲಿಗೆ ಎಷ್ಟು ಜಾರಿದೆ, ಎಣಿಸು.” ಭೂತಗನ್ನಡಿ ಹಿಡಿದು ಎಣಿಸಿದೆ. ಹತ್ತು. ಅವರ ಕಾಫಿ ಇನ್ನೂ ಮುಗಿದಿರಲಿಲ್ಲ.

ಎರಡನೆಯದು: “ಕೆಂಪು ಕೇಳಿದಾಗ ನೀಲಿ ಬಂದರೆ ರೆಡ್, ಬ್ಲೂ ಆಫ್‌ಸೆಟ್ ಅದಲುಬದಲು ಮಾಡಿ, ಮುಗೀತು.”

ಆಫ್‌ಸೆಟ್ ಅಂದರೆ ಪಿಕ್ಸೆಲ್‌ನ 16 ಬಿಟ್‌ನಲ್ಲಿ ಆ ಬಣ್ಣ ಎಲ್ಲಿಂದ ಶುರು ಅನ್ನುವುದು. ಎಸ್‌ಪಿಐ ಪ್ಯಾನಲ್‌ನಲ್ಲಿ, ಅಂದರೆ ಡೇಟಾ ಒಂದರ ಹಿಂದೊಂದು ಬಿಟ್ ಆಗಿ ಹೋಗುವ ಪ್ಯಾನಲ್‌ನಲ್ಲಿ, ಅಷ್ಟು ಸುಲಭಕ್ಕೆ ಮುಗಿಯಲ್ಲ. ಆರ್‌ಜಿಬಿ565ರಲ್ಲಿ (ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5 ಬಿಟ್) ಕೆಂಪು ಅಂದರೆ ಹೆಕ್ಸ್‌ನಲ್ಲಿ ಎಫ್800. ಎರಡು ಬೈಟ್ ಹಿಂದುಮುಂದಾದರೆ 00ಎಫ್8. ಅದೂ ಕಣ್ಣಿಗೆ ನೀಲಿಯೇ! ಸುಮ್ನೆ ಪರದೆ ಪೂರ್ತಿ ಹಸಿರು ತುಂಬಿಸಿ ನೋಡಿ. ಹಸಿರು ಹಸಿರಾಗೇ ಉಳಿದರೆ ನಿಮ್ಮ ಮಾತು ಸರಿ, ಬಣ್ಣಗಳ ಕ್ರಮ ತಪ್ಪಿದೆ. ಹಸಿರು ಕೆಂಪಗಾದರೆ ಬೈಟ್ ತಿರುಗಿದೆ. ಆಗ ಆಫ್‌ಸೆಟ್ ಮುಟ್ಟಿದರೆ ಇನ್ನೂ ಜಾಸ್ತಿ ಕೆಡುತ್ತದೆ, ಅಲ್ವಾ?

ಆ ‘ಅಷ್ಟೆ’, ಆ ‘ಮುಗೀತು’ ಎರಡನ್ನೂ ತೆಗೆಯಿರಿ. ಹಸಿರು ಪರದೆಯದೊಂದು, ಓರೆ ಗೆರೆಯದೊಂದು ಫೋಟೋ ಸೇರಿಸಿ ಮತ್ತೆ ಕಳಿಸಿ. ಓರೆ ಗೆರೆಗೆ ಹೊಸ ಪ್ಯಾನಲ್ ಕೊಳ್ಳಬೇಕಿಲ್ಲ. ನಿಮ್ಮ 800ರ ಡ್ರೈವರ್‌ನಲ್ಲೇ ಲೈನ್_ಲೆಂತ್ 1580 ಎಂದು ಸುಳ್ಳು ಬರೆದರೆ ಸಾಕು.