ಮಡ್ ಟೈರ್ ಬೇಕೋ, ಆಲ್-ಟೆರೇನ್ ಸಾಕೋ?

ಪ್ರಶ್ನೆ: ನನ್ನದು ಫೋರ್ ವೀಲ್ ಡ್ರೈವ್ ಪಿಕಪ್. ದಿನಾ ಓಡಾಡುವುದು ಹೆಚ್ಚಾಗಿ ಟಾರ್ ರೋಡಿನಲ್ಲೇ. ಕೊನೆಯ ಆರು ಕಿಲೋಮೀಟರ್ ಮಾತ್ರ ಕಲ್ಲು, ಮಣ್ಣು, ಮಳೆ ಬಂದರೆ ಕೆಸರು. ಹಿಂದೆ ಯಾವಾಗಲೂ ಸಾಮಾನು ತುಂಬಿರುತ್ತದೆ. ದಪ್ಪ ಬಟನ್ನಿನ (ನೆಲ ಹಿಡಿಯುವ ರಬ್ಬರ್ ಗಡ್ಡೆಗಳ) ಮಡ್ ಟೈರ್ ಹಾಕಿಸುವ ಆಸೆ ಇದೆ, ಆದರೆ ಕೈಯಲ್ಲಿ ದುಡ್ಡು ಕಡಿಮೆ. ಹೆಸರೇ ಕೇಳಿರದ ಒಂದು ಕಂಪನಿಯದು ಅಗ್ಗಕ್ಕೆ ಸಿಗುತ್ತಿದೆ. ಸೈಜ್ ಒಂದು ಹಂತ ದೊಡ್ಡದು ಹಾಕಿಸು ಅಂತ ಗೆಳೆಯರು ಬೇರೆ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಡ್ ಟೈರ್ ಬೇಡ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆ ಟೈರ್ ಹಾಕಿದ ಗಾಡಿ ನೋಡಲು ಚೆಂದ. ಆದರೆ ನೀವು ಓಡಿಸುವ ಹತ್ತು ಕಿಲೋಮೀಟರಿನಲ್ಲಿ ಎಂಟೋ ಒಂಬತ್ತೋ ಟಾರ್ ಮೇಲೆ, ಅಲ್ವಾ? ಮಡ್ ಟೈರಿನ ಬಟನ್‌ಗಳ ನಡುವೆ ಅಗಲವಾದ ಸಂದು ಇರುತ್ತದೆ, ಚಕ್ರ ತಿರುಗುವಾಗ ಕೆಸರು ಅಲ್ಲಿಂದ ಸಿಡಿದು ಹೋಗಲಿ ಅಂತ. ಅದೇ ಸಂದು ಟಾರ್ ಮೇಲೆ ನಷ್ಟ. ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಗಾಡಿ ಇನ್ನೂ ಮುಂದೆ ಹೋಗಿ ನಿಲ್ಲುತ್ತದೆ, ಒಳಗೆ ಕೂತವರ ಕಿವಿಗೆ ಗುಂಯ್ ಅನ್ನುವ ಸದ್ದು, ಡೀಸೆಲ್ಲೂ ಜಾಸ್ತಿ. ಜೊತೆಗೆ ಬೇಗ ಸವೆಯುತ್ತದೆ. ಕೊಳ್ಳುವಾಗ ಅಗ್ಗ ಅನಿಸಿದ್ದು ಎರಡು ವರ್ಷದಲ್ಲಿ ದುಬಾರಿಯಾಗುತ್ತದೆ.

ನಾನು ಒಮ್ಮೆ ಹೀಗೇ ಅಗ್ಗಕ್ಕೆ ಸಿಕ್ಕಿದ ಮಡ್ ಟೈರ್ ಹಾಕಿಸಿದ್ದೆ. ಮೊದಲ ಮಳೆಯ ದಿನ, ಎಂದಿನ ವೇಗದಲ್ಲೇ ಬರುತ್ತಿದ್ದೆ. ಎದುರಿನ ಗಾಡಿ ನಿಂತಿತು, ಬ್ರೇಕ್ ಒತ್ತಿದೆ, ಪೆಡಲ್ ಕಾಲಿನ ಕೆಳಗೆ ಟಕಟಕ ಅಂತ ನಡುಗಿತು, ಗಾಡಿ ಮಾತ್ರ ಜಾರುತ್ತಲೇ ಇತ್ತು. ಒಂದು ಮೊಳದ ಅಂತರದಲ್ಲಿ ಉಳಿದುಕೊಂಡೆ. ಅಂದಿನಿಂದ ಯಾರು ಕೇಳಿದರೂ ಮೊದಲು ಹೇಳುವುದು ಒದ್ದೆ ರಸ್ತೆಯ ಬ್ರೇಕ್ ಬಗ್ಗೆ.

ನಿಮಗೆ ಬೇಕಾದದ್ದು ಆಲ್-ಟೆರೇನ್, ಅಂದರೆ ಟಾರಿಗೂ ಮಣ್ಣುದಾರಿಗೂ ಆಗುವ ಎ/ಟಿ ಟೈರ್. ಕಲ್ಲು ಮಣ್ಣಿಗೆ ಧಾರಾಳ ಸಾಕು, ಸಾಧಾರಣ ಕೆಸರಿಗೂ ಹೆದರಬೇಕಿಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ದಿನಾ ಇಳಿಯುವವರಿಗೆ ಮಾತ್ರ ಮಡ್ ಟೈರಿನ ಲೆಕ್ಕ ಕೂಡುತ್ತದೆ.

ಅಂಗಡಿಯಲ್ಲಿ ಬಟನ್ ನೋಡುವ ಮೊದಲು ಟೈರಿನ ಪಕ್ಕದಲ್ಲಿ ಬರೆದದ್ದನ್ನು ಓದಿ. ಉದಾಹರಣೆಗೆ 265/70 ಆರ್16 112 ಎಸ್ ಅಂತ ಇದ್ದರೆ, 265 ಮಿಲಿಮೀಟರ್ ಅಗಲ, ಆ ಅಗಲದ ಶೇಕಡಾ 70ರಷ್ಟು ಪಕ್ಕದ ಎತ್ತರ, 16 ಇಂಚಿನ ರಿಮ್. ಕೊನೆಯ 112 ನಿಮಗೆ ಎಲ್ಲಕ್ಕಿಂತ ಮುಖ್ಯ. ಅದು ಲೋಡ್ ಇಂಡೆಕ್ಸ್, ಒಂದು ಟೈರ್ 1,120 ಕಿಲೋ ಹೊರುತ್ತದೆ ಅಂತ ಅರ್ಥ. 104 ಅಂತಿದ್ದರೆ 900 ಕಿಲೋ, 100 ಅಂತಿದ್ದರೆ ಬರೀ 800 ಕಿಲೋ. ಸಾಮಾನು ತುಂಬಿದ ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಯೋಚಿಸಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲೋ ಗಾಡಿಯ ಪುಸ್ತಕದಲ್ಲೋ ಕಂಪನಿ ಹೇಳಿದ ಅಂಕೆ ಇರುತ್ತದೆ, ಅದಕ್ಕಿಂತ ಕಡಿಮೆಯದನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಭಾರ ತಡೆಯದ ಟೈರ್ ಒಳಗೊಳಗೇ ಕಾದು ಓಡುವಾಗಲೇ ಸಿಡಿಯುತ್ತದೆ. ಆ ಎಸ್ ಅಕ್ಷರ ಗಂಟೆಗೆ 180 ಕಿಲೋಮೀಟರ್ ವೇಗದ ಮಿತಿ, ಅದರ ಚಿಂತೆ ನಿಮಗೆ ಅಷ್ಟಾಗಿ ಬೇಡ, ಗಾಡಿಗೆ ಹೇಳಿದ್ದಕ್ಕಿಂತ ಕಡಿಮೆ ಇರದಿದ್ದರೆ ಸಾಕು. ಅಂಕೆಗಳ ಮುಂದೆ ಎಲ್‌ಟಿ ಅಂತಿದ್ದರೆ ಅದು ಭಾರದ ಕೆಲಸಕ್ಕೆ ಮಾಡಿದ್ದು, ಪಕ್ಕ ಗಟ್ಟಿ, ಚೂಪು ಕಲ್ಲಿಗೆ ಬೇಗ ಹರಿಯುವುದಿಲ್ಲ. ಸ್ವಲ್ಪ ಕುಲುಕುತ್ತದೆ, ಬೆಲೆಯೂ ಜಾಸ್ತಿ. ನಿಮ್ಮ ದಾರಿಯಲ್ಲಿ ಕಲ್ಲು ಇದೆ, ಬೆನ್ನ ಮೇಲೆ ಸಾಮಾನು ಇದೆ. ನಾನಾಗಿದ್ದರೆ ಆ ಹೆಚ್ಚಿನ ದುಡ್ಡು ಕೊಡುತ್ತಿದ್ದೆ.

ಹೆಸರು ಕೇಳಿರದ ಕಂಪನಿ ಅಂದ ಮಾತ್ರಕ್ಕೆ ಕೆಟ್ಟದು ಅನ್ನಲಾರೆ. ದೊಡ್ಡ ಕಂಪನಿಗಳೇ ಎರಡನೇ ಹೆಸರಿನಲ್ಲಿ ಕಡಿಮೆ ಬೆಲೆಯ ಟೈರ್ ಮಾರುತ್ತವೆ, ಆ ಸಾಲಿನಲ್ಲಿ ಹುಡುಕಿ. ವಾರಂಟಿ ಲಿಖಿತವಾಗಿ ಇದೆಯಾ, ಒಂದು ಟೈರ್ ಹರಿದರೆ ಅದೇ ಮಾಡೆಲ್ ಮುಂದಿನ ವರ್ಷವೂ ಸಿಗುತ್ತದಾ ಅಂತ ಕೇಳಿ. ಇದು ಸಣ್ಣ ಮಾತಲ್ಲ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ನಾಲ್ಕೂ ಟೈರ್ ಒಂದೇ ಸುತ್ತಳತೆ ಇರಬೇಕು, ಒಂದು ಹೊಸದು ಮೂರು ಸವೆದದ್ದು ಆದರೆ ಗೇರುಗಳ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ.

ಇನ್ನು ದೊಡ್ಡ ಸೈಜ್. 265/70 ತೆಗೆದು ಅದೇ ರಿಮ್ಮಿಗೆ 265/75 ಹಾಕಿದರೆ ಟೈರಿನ ಒಟ್ಟು ಎತ್ತರ ಸುಮಾರು 26 ಮಿಲಿಮೀಟರ್ ಹೆಚ್ಚುತ್ತದೆ, ಗಾಡಿ ಏಳುವುದು ಅದರ ಅರ್ಧ, 13 ಮಿಲಿಮೀಟರ್. ಇಷ್ಟಕ್ಕಾಗಿ ಮೀಟರ್ 100 ತೋರಿಸುವಾಗ ಗಾಡಿ ಅದಕ್ಕಿಂತ ಶೇಕಡಾ 3ರಷ್ಟು ವೇಗವಾಗಿ ಓಡುತ್ತಿರುತ್ತದೆ, ಎಳೆತ ಕುಗ್ಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜಲೂಬಹುದು. ಗಾಡಿಗೆ ಬಂದ ಸೈಜೇ ಇರಲಿ. ಉಳಿದ ದುಡ್ಡಿನಲ್ಲಿ ಐದನೆಯ ಟೈರ್ ತೆಗೆದುಕೊಳ್ಳಿ, ಸ್ಟೆಪ್ನಿಗೆ. ಊರಿನಿಂದ ದೂರ, ಕಲ್ಲುದಾರಿಯಲ್ಲಿ ಪಕ್ಕ ಹರಿದ ಟೈರಿಗೆ ಪಂಕ್ಚರ್ ಹಾಕಲಾಗುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎ/ಟಿ ಟೈರ್ ಅರ್ಧ ಬೆಲೆಗೆ ಸಿಗುತ್ತಿದೆ. ಬಟನ್ ಚೆನ್ನಾಗಿಯೇ ಇದೆ. ತೆಗೆದುಕೊಳ್ಳಬಹುದಾ?

ಉತ್ತರ: ಬಟನ್ ನೋಡಿ ಮೋಸ ಹೋಗಬೇಡಿ, ವಯಸ್ಸು ನೋಡಿ. ಪಕ್ಕದಲ್ಲಿ ಡಾಟ್ (DOT) ಅನ್ನುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕ ತಿರುಗಿಸಿ ನೋಡಿ. ಐದಾರು ವರ್ಷ ದಾಟಿದ್ದನ್ನು ನಾನು ಕೊಳ್ಳುವುದಿಲ್ಲ. ಓಡದೆ ಮೂಲೆಯಲ್ಲಿ ಬಿದ್ದಿದ್ದರೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಟೈರನ್ನು ಬೆಳಕಿಗೆ ಹಿಡಿದು ಬಟನ್‌ಗಳ ಬುಡ ನೋಡಿ, ಅಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೇ ಬಿಡಿ. ಒಳಭಾಗಕ್ಕೂ ಕೈಯಾಡಿಸಿ. ದೊಡ್ಡ ಪ್ಯಾಚ್ ಕೈಗೆ ಸಿಕ್ಕರೆ, ಪಕ್ಕ ಎಲ್ಲಾದರೂ ಉಬ್ಬಿದ್ದರೆ, ಬೆಲೆ ಕೇಳುವುದೇ ಬೇಡ.

ಪ್ರಶ್ನೆ: ಕೆಸರು, ಮರಳಿನಲ್ಲಿ ಗಾಳಿ ಇಳಿಸಬೇಕು ಅನ್ನುತ್ತಾರೆ. ನಿಜವಾ?

ಉತ್ತರ: ನಿಜ, ಖರ್ಚೇ ಇಲ್ಲದೆ ಹಿಡಿತ ಹೆಚ್ಚಿಸುವ ದಾರಿ ಅದು. ಗಾಳಿ ಇಳಿದರೆ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಚಕ್ರ ಹೂತುಕೊಳ್ಳುವುದು ತಪ್ಪುತ್ತದೆ. ಖಾಲಿ ಗಾಡಿಯಾದರೆ ಮೆತ್ತನೆ ಮರಳಿನಲ್ಲಿ 18 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತನಕ ಇಳಿಸಿ ನಿಧಾನಕ್ಕೆ ಓಡಿಸಬಹುದು. ಸಾಮಾನು ತುಂಬಿದ್ದರೆ ಅಷ್ಟು ಇಳಿಸಬೇಡಿ. ಚೂಪು ಕಲ್ಲಿನ ಮೇಲೂ ತೀರಾ ಇಳಿಸಿದರೆ ಉಬ್ಬಿದ ಪಕ್ಕಕ್ಕೆ ಕಲ್ಲು ಕೊರೆಯುತ್ತದೆ. ಟಾರ್ ರೋಡ್ ಹತ್ತುವ ಮೊದಲು ಮತ್ತೆ ಗಾಳಿ ತುಂಬಲೇಬೇಕು, ಹಾಗಾಗಿ ಒಂದು ಗೇಜ್, ಬ್ಯಾಟರಿಗೆ ಹಾಕುವ ಸಣ್ಣ ಪಂಪ್ ಸೀಟಿನ ಹಿಂದೆ ಇಟ್ಟಿರಿ.